ಮನೆಯಲ್ಲೇ ಉಳಿದ ವೋಟುಗಳು

ಟೈಲರ್ ಅಂಗಡಿಯ ಮುಂದಿದ್ದ ಬಸ್ ಸ್ಟಾಪಿನ ಕಂಬವನ್ನು ಒಂದು ಬೆಳಿಗ್ಗೆ ಕಿತ್ತುಕೊಂಡು ಹೋದರು. ಗುಂಡಿ ಮಾತ್ರ ಉಳಿಯಿತು. ಇನ್ನು ಮೇಲೆ ಬಸ್ಸು ನಿಲ್ಲುವುದು ಆಚೆ ಬೀದಿಯಲ್ಲಂತೆ.

ಟೈಲರ್‌ನ ಅಮ್ಮನಿಗೆ ಮಂಡಿನೋವು. ವಾರಕ್ಕೆರಡು ಸಲ ಬಸ್ಸಿನಲ್ಲಿ ಆಸ್ಪತ್ರೆಗೆ ಹೋಗಿ ಕಾಲಿಗೆ ವ್ಯಾಯಾಮ ಮಾಡಿಸಿಕೊಂಡು ಬರುತ್ತಿದ್ದರು. ಆಚೆ ಬೀದಿಯವರೆಗೆ ನಡೆಯಲಾಗದೆ ಈಗ ಮನೆ ಹಿಡಿದಿದ್ದರು. ವ್ಯಾಯಾಮ ಬಿಟ್ಟರೆ ಕಾಲು ಪೂರ್ತಿ ಬಿಗಿದುಕೊಳ್ಳುತ್ತದೆ ಎಂದು ಡಾಕ್ಟರು ಮೊದಲೇ ಹೇಳಿದ್ದರು. ಕಂಬ ಮತ್ತೆ ಹಾಕಿಸಿ ಎಂದು ಟೈಲರ್ ಬಸ್ಸಿನ ಆಫೀಸಿಗೆ ಮೂರು ಅರ್ಜಿ ಕೊಟ್ಟ. ಒಂದಕ್ಕೂ ಉತ್ತರವಿಲ್ಲ.

ಅಷ್ಟರಲ್ಲಿ ಚುನಾವಣೆ ಬಂತು. ಶಾಲೆಯ ಟೀಚರಮ್ಮ ಮತದಾರರ ಚೀಟಿ ಹಂಚುತ್ತಾ ಅಂಗಡಿಗೆ ಬಂದರು. ಟೈಲರ್ ಶರ್ಟಿಗೆ ಕಾಲರ್ ಕೂರಿಸುತ್ತಿದ್ದ. ಎದುರು ಕ್ಷೌರದಂಗಡಿಯ ಭಾವ, ಅಂದರೆ ಅವನ ಅಕ್ಕನ ಗಂಡ, ಗಿರಾಕಿ ಇಲ್ಲದೆ ಇಲ್ಲೇ ಬೆಂಚಿನ ಮೇಲೆ ಕೂತಿದ್ದ.

"ಚೀಟಿ ಯಾಕೆ ಸುಮ್ನೆ, ಟೀಚರ್? ನಾವು ಹೋಗಲ್ಲ," ಅಂದ ಟೈಲರ್.

"ಯಾಕಪ್ಪಾ?"

"ನಾನು ಒಂದು ಪಾರ್ಟಿ, ಭಾವ ಇನ್ನೊಂದು ಪಾರ್ಟಿ. ನನ್ನ ವೋಟಿಗೆ ಅವ್ರ ವೋಟು ವಜಾ. ಇಬ್ರೂ ಹೋಗದಿದ್ರೂ ಲೆಕ್ಕ ಅದೇ ತಾನೇ?"

ಇದು ಹಳೆಯ ಒಪ್ಪಂದ. ಹಿಂದೊಮ್ಮೆ ಊಟಕ್ಕೆ ಕೂತಾಗ ಇಬ್ಬರಿಗೂ ಪಾರ್ಟಿ ವಿಷಯಕ್ಕೆ ಜಟಾಪಟಿಯಾಗಿ, ತಟ್ಟೆ ತಳ್ಳಿ ಎದ್ದಿದ್ದರು. ಅಕ್ಕ ಅತ್ತುಬಿಟ್ಟಳು. ಅವಳ ಕಣ್ಣೀರು ನೋಡಲಾರದೆ ಮಾಡಿಕೊಂಡ ರಾಜಿ ಇದು. ಬೀದಿಯವರಿಗೆ ಇದು ಬಹಳ ಹಿಡಿಸಿತು. ಮೇಲ್ಮನೆಯವರು ಕೆಳಮನೆಯವರ ಜೊತೆ, ಗಂಡಂದಿರು ಹೆಂಡತಿಯರ ಜೊತೆ ಇದೇ ರಾಜಿ ಮಾಡಿಕೊಂಡರು. ಮತದಾನದ ದಿನ ಇಡೀ ಬೀದಿ ಹೊಟ್ಟೆ ತುಂಬ ಉಂಡು ನಿದ್ದೆ ಹೊಡೆಯುತ್ತಿತ್ತು. ಬುದ್ಧಿವಂತಿಕೆಗೇನೂ ಕೊರತೆಯಿಲ್ಲದ ಬೀದಿ ಅದು.

ಟೀಚರಮ್ಮ ಬೆಂಚಿನ ತುದಿಯಲ್ಲಿ ಕೂತರು. "ಯಾರಿಗೆ ಹಾಕಿ ಅಂತ ನಾನು ಹೇಳೋ ಹಾಗಿಲ್ಲ. ಗೆಲ್ಲೋದು ಸೋಲೋದರ ಲೆಕ್ಕದಲ್ಲಿ ನೀವು ಹೇಳೋದು ಸರಿನೇ. ಒಂದು ಮಾತು ಕೇಳ್ತೀನಿ. ಈ ಸಲ ವೋಟು ಕೇಳೋಕೆ ಈ ಬೀದಿಗೆ ಯಾರಾದ್ರೂ ಬಂದ್ರಾ?"

"ಯಾರೂ ಬರಲಿಲ್ಲ. ನೆಮ್ಮದಿಯಾಗಿದೀವಿ," ಅಂದ ಭಾವ.

"ಆಚೆ ಬೀದಿಗೆ ಎರಡೂ ಪಾರ್ಟಿಯವರು ನಾಲ್ಕು ನಾಲ್ಕು ಸಲ ಬಂದಿದಾರೆ. ಅಲ್ಲೂ ನಿಮ್ಮ ಹಾಗೇ ಅರ್ಧ ಆ ಕಡೆ, ಅರ್ಧ ಈ ಕಡೆ. ಜಗಳಾನೂ ಆಡ್ತಾರೆ. ಆದ್ರೆ ಹತ್ತರಲ್ಲಿ ಎಂಟು ಜನ ಹೋಗಿ ವೋಟು ಹಾಕ್ತಾರೆ. ನಿಮ್ಮ ಬೀದೀಲಿ ಇನ್ನೂರ ಹನ್ನೆರಡು ವೋಟಿದೆ. ಹೋದ ಸಲ ಬಂದವರು ಮೂವತ್ತೊಂದು."

"ಅದು ಹೇಗೆ ಗೊತ್ತಾಗುತ್ತೆ? ವೋಟು ಗುಟ್ಟಲ್ವಾ?" ಅಂದ ಟೈಲರ್.

"ಯಾರಿಗೆ ಹಾಕಿದ್ರಿ ಅನ್ನೋದು ಗುಟ್ಟು. ಬಂದ್ರೋ ಇಲ್ವೋ ಅನ್ನೋದು ಗುಟ್ಟಲ್ಲ, ಪಟ್ಟೀಲಿ ಗುರುತು ಬೀಳುತ್ತೆ. ಬಾರದೇ ಇರೋ ಬೀದಿಯ ಕಂಬ ಕಿತ್ರೆ ಯಾವ ಪಾರ್ಟಿಗೂ ನಷ್ಟ ಇಲ್ಲ ನೋಡಿ."

ಟೈಲರ್ ಮಿಷಿನ್ ತುಳಿಯುವುದನ್ನು ನಿಲ್ಲಿಸಿದ.

ಅಂಗಡಿಯ ಹಿಂದಿನ ಮನೆಯೊಳಗಿನಿಂದ ಅಮ್ಮನ ದನಿ ಬಂತು. "ಆ ಮೂವತ್ತೊಂದರಲ್ಲಿ ನಾನೂ ಒಬ್ಬಳು."

"ನೀವು ಯಾವಾಗ ಹೋದ್ರಿ, ಅತ್ತೆ?" ಭಾವ ದಂಗಾದ.

"ನೀವಿಬ್ರೂ ಉಂಡು ಮಲಗಿರ್ತಿದ್ರಲ್ಲ, ಆಗ. ದಾರೀಲಿ ನಾಲ್ಕು ಕಡೆ ಕೂತು ಎದ್ದು ಹೋಗಿ ಬರ್ತಿದ್ದೆ. ಈಗ ಕಾಲು ಬಿಗಿದುಕೊಂಡಿದೆ, ಈ ಸಲ ಆಗಲ್ಲ. ಮೂವತ್ತೊಂದು ಹೋಗಿ ಮೂವತ್ತಾಗುತ್ತೆ."

ಟೈಲರ್‌ಗೆ ನಾಚಿಕೆಯಾಯಿತು. ಗಟ್ಟಿ ಕಾಲಿನ ತಾನು ಮಲಗಿದ್ದಾಗ ಅಮ್ಮ ಆ ಮಂಡಿ ಎಳೆದುಕೊಂಡು ಹೋಗಿದ್ದರು. ಅವನು ಚೀಟಿಗಳನ್ನು ಇಸಿದುಕೊಂಡು ಅಳತೆ ಪುಸ್ತಕದೊಳಗೆ ಇಟ್ಟ.

ಮತದಾನದ ದಿನ ಅಂಗಡಿಯ ಕುರ್ಚಿಯಲ್ಲಿ ಅಮ್ಮನನ್ನು ಕೂರಿಸಿ, ಒಂದು ಕಡೆ ಮಗ, ಇನ್ನೊಂದು ಕಡೆ ಅಳಿಯ ಹಿಡಿದು ಆಚೆ ಬೀದಿಯ ಶಾಲೆಗೆ ಹೊರಟರು. ಅಕ್ಕ ನೀರಿನ ಬಾಟಲಿ ಹಿಡಿದು ಹಿಂದೆ ಬಂದಳು. ಅರ್ಧ ದಾರಿಯಲ್ಲೇ ಪಾರ್ಟಿ ಮಾತು ಶುರುವಾಯಿತು.

"ಮೊದಲು ಕುರ್ಚಿ ನೆಟ್ಟಗೆ ಹಿಡೀರಿ. ಜಗಳ ಆಮೇಲೆ ಆಡಿ," ಅಂದರು ಅಮ್ಮ.

ಕಿಟಕಿಯಿಂದ ನೋಡಿದವರು ಎಲ್ಲಿಗೆಂದು ಕೇಳಿದರು, ನಕ್ಕರು, ಆಮೇಲೆ ಚಪ್ಪಲಿ ಮೆಟ್ಟಿಕೊಂಡರು. ಮುದುಕಿ ಹೋಗುವಾಗ ಹಾಸಿಗೆಯಲ್ಲಿ ಬಿದ್ದಿರಲು ಯಾರಿಗೂ ಮುಖವಿರಲಿಲ್ಲ. ಸಂಜೆಯ ಹೊತ್ತಿಗೆ ಆ ಬೀದಿಯಿಂದ ನೂರ ಅರವತ್ತಮೂರು ವೋಟು ಬಿದ್ದಿತ್ತು.

"ಅತ್ತೆ, ಯಾರಿಗೆ ಹಾಕಿದ್ರಿ?" ಬರುವ ದಾರಿಯಲ್ಲಿ ಭಾವ ಮೆಲ್ಲಗೆ ಕೇಳಿದ.

"ನಿಮ್ಮಿಬ್ಬರಲ್ಲಿ ಒಬ್ಬರಿಗೆ ಬೇಜಾರಾಗುತ್ತೆ, ಬಿಡಿ."

ಆ ರಾತ್ರಿ ಎರಡೂ ಮನೆಯವರು ಒಟ್ಟಿಗೆ ಉಂಡರು. ವಾದ ನಡೆಯಿತು. ತಟ್ಟೆ ಯಾರೂ ತಳ್ಳಲಿಲ್ಲ.

ಫಲಿತಾಂಶದ ಮರುವಾರ ಗೆದ್ದವರೂ ಬಂದರು, ಸೋತವರೂ ಬಂದರು. ಟೈಲರ್ ಇಬ್ಬರಿಗೂ ಅದೇ ಗುಂಡಿ ತೋರಿಸಿದ. ಕಂಬ ಇನ್ನೂ ಬಂದಿಲ್ಲ. ಆದರೆ ನಾಲ್ಕನೆಯ ಅರ್ಜಿಗೆ ಉತ್ತರ ಬಂದಿದೆ, ಕಂಬ ನೆಡುವ ತಾರೀಖು ಹಾಕಿ. ಅಲ್ಲಿಯವರೆಗೆ ಬಸ್ಸಿನವರೆಗೂ ಅಮ್ಮನ ಕುರ್ಚಿ ಹೊರಲು ಬೀದಿಯಲ್ಲಿ ಜನರಿದ್ದಾರೆ.

ಓದುಗರೇ, ನಿಮ್ಮ ಒಲವು ಯಾವ ಕಡೆಗಾದರೂ ಇರಲಿ, ಅದು ನಿಮ್ಮ ಸ್ವಂತದ ಮಾತು. ನಿಮ್ಮ ಮನೆಯಲ್ಲಿ, ಪಕ್ಕದ ಮನೆಯಲ್ಲಿ ಅದಕ್ಕೆ ವಿರುದ್ಧ ಇರುವವರು ಇದ್ದೇ ಇರುತ್ತಾರೆ. ಅವರನ್ನು ಮನೆಯಲ್ಲಿ ಕೂರಿಸಬೇಡಿ, ನೀವೂ ಕೂರಬೇಡಿ. ಈ ಸಲ ಜೊತೆಗೆ ಕರೆದುಕೊಂಡು ಹೋಗಿ. ನಡೆಯಲಾಗದವರಿದ್ದರೆ ಕುರ್ಚಿಗೆ ಒಂದು ಕೈ ಕೊಡಿ.