ಮೂರನೆಯ ಸಾಲು

ದಾರದ ತುದಿಗೆ ಕಟ್ಟಿದ ರಟ್ಟಿನ ಚೀಟಿಯೊಂದು ಫ್ಯಾನಿನ ಗಾಳಿಗೆ ಮೆಲ್ಲಗೆ ತಿರುಗುವುದನ್ನು ಕಂಡರೆ ಈಗಲೂ ನನ್ನ ಕೈ ನಿಂತುಹೋಗುತ್ತದೆ. ನಾನು ಅಕ್ಷರ ಕಲಿತದ್ದೇ ಅಂಥ ಚೀಟಿಗಳಿಂದ. ಆಗ ನನಗೆ ನಲವತ್ತೊಂದು ವರ್ಷ. ಹಗಲೆಲ್ಲ ಆಸ್ಪತ್ರೆಯ ಬಟ್ಟೆ ಒಗೆದು ಇಸ್ತ್ರಿ ಮಾಡುವ ಕೆಲಸ, ಆಮೇಲೆ ರಾತ್ರಿಶಾಲೆ. ಇಂದಿರಾಬಾಯಿ ಟೀಚರ್ ಅಲ್ಲಿ ಅಕಾರದಿಂದ ಆರಂಭಿಸಲಿಲ್ಲ. ಅವರವರು ದುಡಿಯುವ ಸಾಮಾನನ್ನೇ ತರಿಸಿ, ಅದಕ್ಕೊಂದು ಚೀಟಿ ಬರೆಸಿ ಕಟ್ಟಿಸುತ್ತಿದ್ದರು. ಚೀಟಿಗೆ ಮೂರೇ ಸಾಲು: ಇದು ಏನು, ಇದರಿಂದ ಏನಾಗುತ್ತದೆ, ಏನು ಮಾಡಬಾರದು.

ನನ್ನ ಮೊದಲ ಬರಹ ಹೀಗಿತ್ತು: ‘ಇದು ಇಸ್ತ್ರಿಪೆಟ್ಟಿಗೆ. ಬಟ್ಟೆಯ ಸುಕ್ಕು ತೆಗೆಯುತ್ತದೆ. ಒದ್ದೆ ಕೈಯಲ್ಲಿ ಮುಟ್ಟಬಾರದು.’

“ಟೀಚರ್, ನಮ್ಮ ಯಜಮಾನ್ರಿಗೂ ಒಂದು ಚೀಟಿ ಕಟ್ಲಾ?” ಎಂದಿದ್ದಳು ಹಿಟ್ಟಿನ ಗಿರಣಿಯ ಚೆನ್ನಾಜಮ್ಮ.

“ಕಟ್ಟಮ್ಮ. ಮೂರನೇ ಸಾಲು ಮಾತ್ರ ಮರೀಬೇಡ.”

ನಾವು ನಕ್ಕು ಮುಗಿಸುವವರೆಗೆ ಕಾದು ಟೀಚರ್ ಹೇಳಿದರು: “ಮೊದಲೆರಡು ಸಾಲು ಗೊತ್ತಿರೋದನ್ನ ಬರೆಯೋದು. ಮೂರನೇದಕ್ಕೆ, ಯಾರಿಗೆ ಪೆಟ್ಟಾಗಬಹುದು ಅಂತ ಯೋಚಿಸ್ಬೇಕು.”

ಕೆಲಸದಿಂದ ನಿವೃತ್ತಳಾದ ಮೇಲೆ, ಒಂಟಿಯಾಗಿರುವ ವಯಸ್ಸಾದವರ ಮನೆಗೆ ಹೋಗಿ ನೆರವಾಗುವ ಸಂಘವೊಂದನ್ನು ಸೇರಿದೆ. ಯಾರ ಮನೆಗೆ ಯಾವತ್ತು ಯಾರು ಹೋಗಬೇಕು ಎಂಬ ಕೆಲಸದ ಪಟ್ಟಿ ಅಲ್ಲಿ ಕಂಪ್ಯೂಟರಿನಲ್ಲಿತ್ತು. ಅದನ್ನು ನೋಡಿಕೊಳ್ಳುತ್ತಿದ್ದ ಫರ್ಜಾನಾ ಒಂದು ದಿನ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡಳು. ಇನ್ನು ಮುಂದೆ ಪಟ್ಟಿಯನ್ನು ಏಜೆಂಟ್ ನಡೆಸುತ್ತದೆ ಎಂದಳು. ಏಜೆಂಟ್ ಎಂದರೆ ಮನುಷ್ಯನಲ್ಲ. ಓದಿಕೊಂಡು ತಾನೇ ತೀರ್ಮಾನ ಮಾಡುವ ಯಂತ್ರಬುದ್ಧಿ.

“ಅದರ ಕೈಗೆ ಹನ್ನೊಂದು ಟೂಲ್ ಕೊಟ್ಟಿದೀನಿ ಅಜ್ಜಿ. ಕೆಲಸ ಸೇರಿಸೋದು, ತಾರೀಕು ಬದಲಾಯಿಸೋದು, ಇಂಥವರಿಗೆ ಅಂತ ಒಪ್ಪಿಸೋದು. ಯಾವುದನ್ನ ಯಾವಾಗ ಎತ್ಕೋಬೇಕು ಅಂತ ಅದಕ್ಕೆ ಗೊತ್ತಾಗೋದು ಟೂಲಿನ ಜೊತೆ ಬರೆದಿರೋ ವಿವರಣೆಯಿಂದ ಮಾತ್ರ. ನಾನು ಬರೆದ್ರೆ ಮಾರನೇ ದಿನ ನನಗೇ ಅರ್ಥ ಆಗಲ್ಲ.”

“ಅಂದ್ರೆ ಚೀಟಿ ಕಟ್ಟೋದು,” ಎಂದೆ.

ಹತ್ತಕ್ಕೆ ಮೂರು ಮೂರು ಸಾಲು ಬರೆದೆ. ಹನ್ನೊಂದನೆಯದರ ಹೆಸರು ‘ಪಕ್ಕಕ್ಕಿಡು’. ‘ಇದು ಕೆಲಸವನ್ನು ಪಟ್ಟಿಯಿಂದ ತೆಗೆದು ಪಕ್ಕಕ್ಕಿಡುತ್ತದೆ. ಮೂವತ್ತು ದಿನ ಯಾರೂ ವಿಚಾರಿಸದ ಕೆಲಸಕ್ಕೆ ಇದನ್ನು ಬಳಸಬೇಕು.’ ಅಷ್ಟಕ್ಕೆ ನಿಲ್ಲಿಸಿದೆ.

“ಇದಕ್ಕೆ ಮೂರನೇ ಸಾಲು?” ಎಂದಳು ಫರ್ಜಾನಾ.

“ಅಳಿಸಿ ಹಾಕೋದಲ್ವಲ್ಲಮ್ಮ, ಪಕ್ಕಕ್ಕಿಡೋದು. ಅದರಿಂದ ಯಾರಿಗೇನು ಪೆಟ್ಟು?”

ನನಗೆ ಬಸ್ಸಿನ ಹೊತ್ತಾಗಿತ್ತು.

ಇಂದಿರಾಬಾಯಿ ಟೀಚರೂ ಆ ಪಟ್ಟಿಯಲ್ಲಿದ್ದರು. ಎಂಬತ್ತು ದಾಟಿದ್ದ ಅವರಿಗೆ ಕಿವಿಯ ಮಿಷನ್ ಇಲ್ಲದೆ ಏನೂ ಕೇಳಿಸುತ್ತಿರಲಿಲ್ಲ. ಬೆರಳು ನಡುಗುತ್ತಿದ್ದುದರಿಂದ ಅದರ ಅಂಗಿಗುಂಡಿಯಂಥ ಬ್ಯಾಟರಿಯನ್ನು ತಾವೇ ಹಾಕಿಕೊಳ್ಳಲಾರರು. ಸಂಘದ ಗಿರಿಜಾಂಬ ವಾರಕ್ಕೊಮ್ಮೆ ಹೋಗಿ ಬದಲಾಯಿಸಿ ಬರುತ್ತಿದ್ದಳು. ಮಂಡಿನೋವಿನಿಂದ ಅವರ ಮಹಡಿಯ ಮೆಟ್ಟಿಲು ಹತ್ತಲಾರದ ನಾನು ಪಟ್ಟಿ ನೋಡಿ ಸಮಾಧಾನಪಡುತ್ತಿದ್ದೆ.

ಗಿರಿಜಾಂಬ ಮಗಳ ಬಾಣಂತನಕ್ಕೆಂದು ಊರಿಗೆ ಹೋದಳು. ಕೆಲಸ ಹಾಗೇ ನಿಂತಿತು. ಮೂವತ್ತು ದಿನ ಯಾರೂ ವಿಚಾರಿಸಲಿಲ್ಲ. ಏಜೆಂಟ್ ನನ್ನ ಎರಡು ಸಾಲು ಓದಿತು, ಬರೆದಂತೆಯೇ ಮಾಡಿತು. ಬಾಕಿ ಕೆಲಸಗಳಲ್ಲಿ ಟೀಚರ ಹೆಸರು ಕಾಣದಿದ್ದಾಗ, ಸದ್ಯ ಎಲ್ಲ ಸರಿಯಾಗಿ ನಡೆಯುತ್ತಿದೆ ಎಂದುಕೊಂಡೆ.

ಮೂರನೆಯ ತಿಂಗಳು ಗಿರಿಜಾಂಬ ಮರಳಿ ಬಂದವಳೇ, “ಟೀಚರ್ ಮನೆಗೆ ಈಗ ಯಾರು ಹೋಗ್ತಿದೀರ?” ಎಂದಳು. ಯಾರೂ ಹೋಗುತ್ತಿರಲಿಲ್ಲ.

ಅವತ್ತು ಮೆಟ್ಟಿಲು ಹತ್ತಿದೆ. ಟೀಚರ್ ಫೋನಿನ ಪಕ್ಕದ ಕುರ್ಚಿಯಲ್ಲಿದ್ದರು. ಮೊದಲು ಬ್ಯಾಟರಿ ಹಾಕಿದೆ.

“ಕೇಳಿಸ್ತಾ ಟೀಚರ್?”

“ನಿನ್ನ ಏದುಸಿರೂ ಕೇಳಿಸ್ತಿದೆ. ಕೂತ್ಕೋ.”

“ಕೆಳಗಿನ ಮನೆಯವರಿಗಾದ್ರೂ ಹೇಳಬಾರದಿತ್ತಾ?”

“ಬರ್ತೀರಿ ಅಂತಿದ್ದೆ. ಒಂದು ವಾರಾನೂ ತಪ್ಪಿಸಿದವರಲ್ಲ ನೀವು.”

ಮಡಿಲಿನಿಂದ ಕಾಗದವೊಂದನ್ನು ತೆಗೆದು ಕೊಟ್ಟರು. ದೂರದ ಊರಿನಲ್ಲಿದ್ದ ಅವರ ಅಕ್ಕ ಪ್ರತಿ ಭಾನುವಾರ ತಮಗೆ ಬಿಡುವಾದ ಹೊತ್ತಿನಲ್ಲಿ ಫೋನು ಮಾಡುತ್ತಿದ್ದರು. ಕಾಗದ ಆ ಅಕ್ಕನ ಮಗಳದು. ‘ಅಮ್ಮ ತೀರಿಕೊಳ್ಳುವ ಮುಂಚಿನ ಎರಡು ಭಾನುವಾರ ಹಾಸಿಗೆಯಿಂದಲೇ ಫೋನು ಮಾಡಿಸಿದರು. ರಿಂಗ್ ಆಗುತ್ತಲೇ ಇತ್ತು. ಇಂದಿರಾ ಹೂ ಕೊಯ್ಯಲು ಹೋಗಿರಬೇಕು, ಇನ್ನೊಂದು ಸಲ ಮಾಡು ಎನ್ನುತ್ತಿದ್ದರು.’

“ನಾನೂ ಆಗಾಗ ಎತ್ತಿ ‘ಅಕ್ಕಾ’ ಅಂತಿದ್ದೆ,” ಎಂದರು ಟೀಚರ್. “ಅವಳು ಆ ಕಡೆ ಇದ್ದ ಹೊತ್ತಿಗೆ ಎತ್ತಲಿಲ್ಲ ನೋಡು.”

ನನ್ನಿಂದ ತಡೆಯಲಾಗಲಿಲ್ಲ. ಪಟ್ಟಿ, ಏಜೆಂಟ್, ನನ್ನ ಎರಡು ಸಾಲು, ಬಸ್ಸಿನ ಅವಸರ, ಒಂದನ್ನೂ ಬಿಡದೆ ಹೇಳಿದೆ. ಬೈದಿದ್ದರೆ ಹಗುರವಾಗುತ್ತಿತ್ತೇನೋ. ಅವರು ನನ್ನ ಕೈಯಿಂದ ಕಾಗದ ತೆಗೆದುಕೊಂಡು ಮಡಿಸಿಟ್ಟರು.

“ಮೂರನೇ ಸಾಲು ಏನು ಬರೀಬೇಕಿತ್ತು?”

ಹಲಗೆಯ ಮುಂದೆ ನಿಂತವಳಂತೆ ಹೇಳಿದೆ: “ಒಂಟಿಯಾಗಿರುವವರ ಕೆಲಸವನ್ನು, ಯಾರಾದರೂ ಅವರ ಮನೆಗೆ ಹೋಗಿ ನೋಡಿ ಬರುವ ತನಕ, ಪಕ್ಕಕ್ಕಿಡಬಾರದು.”

“ಸರಿ,” ಎಂದರು, ನೋಟ್‌ಬುಕ್ಕಿಗೆ ಗುರುತು ಹಾಕುವಾಗ ಹೇಳುತ್ತಿದ್ದ ಹಾಗೆಯೇ.

ಮರುದಿನ ಆ ಸಾಲನ್ನು ಏಜೆಂಟಿಗಾಗಿ ಸೇರಿಸಿದೆವು. ಫರ್ಜಾನಾ ನನ್ನ ಕೈ ಹಿಡಿದುಕೊಂಡು ಕೂತಳು. ಅದಾದ ಮೇಲೆ ಅಂಥ ತಪ್ಪು ಇನ್ನೊಮ್ಮೆ ಆಗಲಿಲ್ಲ. ಆದರೆ ಅದನ್ನು ಹೇಳಿಕೊಂಡು ನಾನು ಯಾರೆದುರೂ ಸಮಾಧಾನಪಟ್ಟಿಲ್ಲ.

ಟೀಚರ ಬ್ಯಾಟರಿಯ ಕೆಲಸವನ್ನು ನನ್ನ ಹೆಸರಿಗೆ ಬರೆಸಿಕೊಂಡೆ. ಅವರಿದ್ದಷ್ಟು ಕಾಲವೂ ಭಾನುವಾರಗಳಲ್ಲಿ, ಮೆಟ್ಟಿಲಿಗೊಮ್ಮೆ ನಿಂತು ನಿಂತು, ಮೇಲಕ್ಕೆ ಹೋದೆ. ಹೊಸ ಬ್ಯಾಟರಿ ಹಾಕಿದ ಮೇಲೆ ಅವರು ಕುರ್ಚಿಯನ್ನು ಫೋನಿನ ಹತ್ತಿರಕ್ಕೆ ಎಳೆದುಕೊಳ್ಳುತ್ತಿದ್ದರು. ಏಕೆಂದು ನಾನು ಕೇಳಲಿಲ್ಲ. ಆ ಫೋನಿಗೆ ರಾತ್ರಿಶಾಲೆಯ ಕಾಲದ ಹಳದಿಗಟ್ಟಿದ ಚೀಟಿಯೊಂದು ಕಟ್ಟಿತ್ತು. ಅವರದೇ ದುಂಡನೆಯ ಅಕ್ಷರ. ‘ಇದು ಫೋನು. ದೂರದವರ ಮಾತನ್ನು ಹತ್ತಿರ ತರುತ್ತದೆ. ಗಂಟೆ ಬಾರಿಸಿದಾಗ ಕಾಯಿಸಬಾರದು.’ ಫೋನು ಸುಮ್ಮನಿರುತ್ತಿತ್ತು. ಫ್ಯಾನಿನ ಗಾಳಿಗೆ ಚೀಟಿ ಮೆಲ್ಲಗೆ ತಿರುಗುತ್ತಿತ್ತು. ಬರೆದ ಮಗ್ಗುಲು ನಮ್ಮ ಕಡೆ ಬಂದು, ಒಂದು ಗಳಿಗೆ ನಿಂತು, ಮತ್ತೆ ಗೋಡೆಯ ಕಡೆಗೆ ಹೊರಳಿಕೊಳ್ಳುತ್ತಿತ್ತು.