ಉಣ್ಣೆಯ ಎಳೆ

ಕುದಿಯುವ ಕೆಂಪು ಶರಬತ್ತಿನಲ್ಲಿ ಅದ್ದಿದ್ದ ಬಿಳಿ ಉಣ್ಣೆಯ ಎಳೆಯೊಂದನ್ನು ಇನ್ಸ್‌ಪೆಕ್ಟರ್ ಗೋವಿಂದಪ್ಪ ಕಡ್ಡಿಯಲ್ಲಿ ಎತ್ತಿ ಹಿಡಿದಾಗ ಲಾಲಬಿ ನಕ್ಕೇಬಿಟ್ಟಳು. ಇಡೀ ದುರ್ಗದಬೈಲಿನಲ್ಲಿ ತಮ್ಮ ಶರಬತ್ತಿನಷ್ಟು ಚೊಕ್ಕದ್ದು ಇನ್ನೆಲ್ಲಿದೆ? ಮಾಡಲಿ ಪರೀಕ್ಷೆ, ಬೇಕಾದಷ್ಟು ಮಾಡಲಿ!

ಶರಬತ್ತಿಗೆ ಹಾಕುವ ಬಣ್ಣಕ್ಕೆ ಇನ್ನುಮುಂದೆ ಮುನ್ಸಿಪಾಲ್ಟಿಯ ಒಪ್ಪಿಗೆ ಬೇಕೆಂದು ಆ ಬೇಸಿಗೆಯಲ್ಲಿ ಡಂಗುರ ಹೊಡೆಸಿದ್ದರು. ಗೋವಿಂದಪ್ಪ ಸ್ಪಿರಿಟ್ ಒಲೆ ಹಿಡಿದು ಅಂಗಡಿ ಅಂಗಡಿ ತಿರುಗುತ್ತಿದ್ದ.

“ಇದು ಪತಂಗದ ಕಟಗಿ ಕುದಿಸಿ ತಗದ ಬಣ್ಣರಿ ಸಾಹೇಬ್ರ. ಬೇಕಾದ್ರ ನಮ್ಮವರನ್ನ ಕೇಳ್ರಿ,” ಎಂದಳು ಲಾಲಬಿ. ಬಣ್ಣ ತರುವುದು ಗಂಡ ಕಾಸಿಮಸಾಬನ ಕೆಲಸ, ಶರಬತ್ತು ಕಾಸುವುದು ಅವಳದು. ಅವನು ಒಂದೇ ಗ್ಲಾಸನ್ನು ಒರೆಸುತ್ತ ನಿಂತಿದ್ದ.

“ಹಂಗಿದ್ರ ಛಲೋನ ಆತವ್ವ. ಕಟಗಿ ಬಣ್ಣ ತೊಳದ್ರ ಹೋಗತೈತಿ. ಸೀರಿ ನೂಲಿಗೆ ಹಾಕೂ ಕಾರ್ಖಾನಿ ಬಣ್ಣ ಇದ್ರ ಹೋಗೂದಿಲ್ಲ.”

ಗೋವಿಂದಪ್ಪ ಎಳೆಯನ್ನು ತಂಬಿಗೆಯ ನೀರಿನಲ್ಲಿ ಜಾಲಿಸಿದ. ಸಬಕಾರ ಹಚ್ಚಿ ತಿಕ್ಕಿದ. ಮತ್ತೆ ಜಾಲಿಸಿದ. ನೀರು ತಿಳಿಯಾಗಿತ್ತು, ಎಳೆ ಕೆಂಪಗೇ ಇತ್ತು.

“ಇದಕ್ಕ ಒಪ್ಪಿಗಿ ಸಿಗೂದಿಲ್ಲವ್ವ. ಇದನ್ನ ಚೆಲ್ರಿ. ಬಣ್ಣ ಹಾಕದ ಮಾರ್ರಿ.”

ಲಾಲಬಿ ಗಂಡನ ಮುಖ ನೋಡಿದಳು. ಅವನು ತಲೆ ಎತ್ತಲಿಲ್ಲ.

“ಸಾಹೇಬ್ರ, ಜಡ್ಡಾದ ಕೂಸಿಗೆ ಇದನ್ನ ಕುಡಿಸಿದ್ರ ಏನಾಗತೈತ್ರಿ?”

“ಅದನ್ನ ನಾ ಹೆಂಗ ಹೇಳ್ಲಿ? ಏನೂ ಆಗದನೂ ಇರಬಹುದು,” ಎಂದು ಗೋವಿಂದಪ್ಪ ಒಲೆ ಆರಿಸಿದ. ಯಾವ ಕೂಸು ಎಂದು ಅವನು ಕೇಳಲಿಲ್ಲ. ಪಾಪ, ಅವನಿಗೇನು ಗೊತ್ತು?

ಮಗಳು ಮೀರಾಬಿಗೆ ಹಿಂದಿನ ಚಳಿಗಾಲದಲ್ಲಿ ಹೊಟ್ಟೆನೋವು, ಜ್ವರ ಬಂದು ಅನ್ನ ಗಂಟಲಲ್ಲಿಳಿಯದೆ ಹೋದಾಗ, ಆ ಹುಡುಗಿ ಕೇಳಿದ್ದು ಈ ಶರಬತ್ತೊಂದನ್ನೇ. ಕಣ್ಣು ಮುಚ್ಚುವ ದಿನವೂ ಲಾಲಬಿ ಚಮಚದಲ್ಲಿ ಹನಿ ಹನಿ ಬಿಟ್ಟಿದ್ದಳು. “ಕುಡಿ ಬೇಟಿ, ಇದು ಚೊಕ್ಕದ್ದು,” ಎಂದಿದ್ದಳು.

ಗೋವಿಂದಪ್ಪ ಹೋದ ಮೇಲೆ ಕಾಸಿಮಸಾಬ ಬಾಯಿಬಿಟ್ಟ. “ಪತಂಗ ಸಿಗವಲ್ಲದಾಗಿತ್ತು ಲಾಲೂ. ಎಲ್ಲಾರೂ ಈ ಕಾರ್ಖಾನಿ ಬಣ್ಣನ ಹಾಕ್ತಾರ ಅಂತ ಪ್ಯಾಟ್ಯಾಗ ಅಂದ್ರು. ನಂಗೇನ್ ಗೊತ್ತಿತ್ತು? ನಾನೂ ಕುಡಿಸೇನಲ್ಲ ಅಕಿಗೆ, ಇದ ಕೈಲೆ!”

ಬೈದು ಬೀದಿಗೆಳೆಯಬೇಕೆನಿಸಿತು ಅವಳಿಗೆ. ಅವನು ತನ್ನ ಆ ಕೈಯನ್ನೇ ನೋಡುತ್ತಿದ್ದ. ಬೈಯಲೂ ಆಗಲಿಲ್ಲ, ಸಮಾಧಾನ ಹೇಳಲೂ ಆಗಲಿಲ್ಲ. ತಂಬಿಗೆಯ ಪಕ್ಕದಲ್ಲಿ ಬಿದ್ದಿದ್ದ ಎಳೆಯನ್ನು ಮುಷ್ಟಿಯಲ್ಲಿ ಹಿಡಿದು ಮನೆಗೆ ನಡೆದಳು.

ಟ್ರಂಕಿನ ತಳದಲ್ಲಿ ಮೀರಾಬಿಯ ಬಿಳಿ ಅಂಗಿ ಇತ್ತು. ಅದರ ಎದೆಯ ಮೇಲೆ ಚಮಚದಿಂದ ಚೆಲ್ಲಿದ ಶರಬತ್ತಿನ ಕೆಂಪು ಕಲೆ. ಮಣ್ಣು ಮಾಡಿ ಬಂದ ಮರುದಿನ ಅಂಟವಾಳಕಾಯಿ ಹಾಕಿ, ಕಲ್ಲಿಗೆ ಉಜ್ಜಿ ಒಗೆದರೂ ಅದು ಹೋಗಿರಲಿಲ್ಲ. ಮಗಳ ಗುರುತು ಇದೊಂದಾದರೂ ಉಳಿಯಿತಲ್ಲ ಎಂದು ಅಂದು ಅವಳು ಅಂಗಿಯನ್ನು ಮುಖಕ್ಕೊತ್ತಿಕೊಂಡು ಸಂತೋಷದಿಂದ ಅತ್ತಿದ್ದಳು.

ಲಾಲಬಿ ಅಂಗಿಯನ್ನು ತೊಡೆಯ ಮೇಲೆ ಹರಡಿ, ಮುಷ್ಟಿ ಬಿಚ್ಚಿ, ಎಳೆಯನ್ನು ಆ ಕಲೆಯ ಮೇಲಿಟ್ಟಳು. ಎಳೆ ಕಣ್ಣಿಗೆ ಕಾಣಲಿಲ್ಲ. ಬೆರಳಿನಿಂದ ಸವರಿ ಹುಡುಕಬೇಕಾಯಿತು.