ಅವ್ವನ ಸಲುವಾಗಿ ಫರ್ನೇಸ್

ಉಸಿರು ಕಾಣುತ್ತಿದೆ, ನನ್ನದೇ ಉಸಿರು, ಅಡುಗೆಮನೆಯೊಳಗೆ, ಹಾಡಹಗಲು, ಸ್ವೆಟರಿನ ಮೇಲೆ ಸ್ವೆಟರು ಏರಿಸಿಕೊಂಡು ಚಹಾ ಸೋಸುತ್ತಿದ್ದೇನೆ, ಲೋಟದ ಹಬೆ ಯಾವುದು ಬಾಯಿಯ ಹಬೆ ಯಾವುದು ತಿಳಿಯದ ಹಾಗಿದೆ, ಮತ್ತು ಮುಂದಿನ ಕೋಣೆಯಲ್ಲಿ ಇವರು, ನನ್ನ ಗಂಡ ಅಮರ, ಮತ್ತೆ ಅದೇ ಪದ ಎತ್ತಿದರು — ಫರ್ನೇಸ್ — ಮನಿ ಬೆಚ್ಚಗ ಮಾಡಾಕ ಹೀಟ್ ಪಂಪ್ ಒಂದು, ಫರ್ನೇಸ್ ಒಂದು, ಎರಡೂ ಜೋಡಿ ಇರಬೇಕ್ ನೋಡ್ರಿ ರಿಚರ್ಡ್, ಥಂಡಿ ಕಮ್ಮಿ ಇದ್ದಾಗ ಪಂಪ್, ಥಂಡಿ ಹೆಚ್ಚಾತಂದ್ರ ಫರ್ನೇಸ್, ಎಲ್ಲಾ ಕೂಡಿ ಬಜೆಟ್‌ನ್ಯಾಗ ಬರಬೇಕು. ಪಾಪ, ಆ ರಿಚರ್ಡ್ ಗ್ರೀನ್‌ಫರ್ಡಿನಿಂದ ಈ ಹಿಮದಲ್ಲಿ ವ್ಯಾನು ಜಾರಿಸಿಕೊಂಡು ಹ್ಯಾರೋದ ನಮ್ಮ ಮನೆಯವರೆಗೆ ಬಂದಿದ್ದಾನೆ, ಬಸ್ಸಿಲ್ಲ, ಟ್ಯೂಬ್ ಇಲ್ಲ, ನಾನು ಕೆಲಸ ಮಾಡುವ ಶಾಲೆಗೆ ರಜೆ, ಇವರ ಹೌನ್ಸ್ಲೋ ಆಫೀಸಿಗೂ ಹೋಗುವ ಹಾಗಿಲ್ಲ, ಇಡೀ ಲಂಡನ್ನಿನಲ್ಲಿ ಇವತ್ತು ಕೆಲಸಕ್ಕೆ ಹೊರಟವನು ಇವನೊಬ್ಬನೇ ಇರಬೇಕು, ಉಡುಪಿ ಕಡೆಯ ಕ್ಯಾಥೊಲಿಕ್ಕು, ಕನ್ನಡದವರ ದೀಪಾವಳಿ ಊಟದಲ್ಲಿ ಪರಿಚಯವಾದವನು, ಬಾಯ್ಲರ್ ಹಾಕುವುದೇ ಅವನ ಕಸುಬು, ಬಂದವನಿಗೆ ಈಗ ಅಳುವುದೊಂದು ಬಾಕಿ. ಸರ್, ಫರ್ನೇಸ್ ಅಂತ ಇಲ್ಲಿ ಸಿಗುದಿಲ್ಲ ಮಾರಾಯ್ರೆ, ಅದು ಅಮೆರಿಕ ಕೆನಡಾದ್ದು, ಗಾಳಿ ಬಿಸಿ ಮಾಡಿ ಇಡೀ ಮನೆಗೆ ಊದುದು, ನಿಮ್ಮಲ್ಲಿ ಇರುದು ನೀರಿನ ರೇಡಿಯೇಟರ್, ನಾನು ಒಂದು ಒಳ್ಳೆ ಬಾಯ್ಲರ್ ಹಾಕಿ ಕೊಡ್ತೇನೆ, ನಾಳೆ ಸಂಜೆಗೆ ಮನೆ ಬೆಚ್ಚಗೆ. ನಾಳೆ ಸಂಜೆಗೆ ಅಂದನಲ್ಲ, ಹೂಂ ಅನ್ನಬಾರದೆ, ಬಾಯಲ್ಲೇನು ಕಡುಬು ಇಟ್ಟುಕೊಂಡಿದ್ದಾರೆಯೆ — ಇಲ್ಲ, ಇವರು ಹೂಂ ಅನ್ನುವ ಜಾತಿಯಲ್ಲ, ಫ್ರಿಜ್ ಕೊಳ್ಳುವಾಗ ಒಂದು ಬೇಸಿಗೆಯನ್ನೇ ಅಳೆದೂ ಸುರಿದೂ ಕಳೆದ ಮಹಾನುಭಾವರು, ದಿನಾ ಹಾಲು ಒಡೆಯುತ್ತಿತ್ತು, ದಿನಾ ನಾನು ಚೆಲ್ಲುತ್ತಿದ್ದೆ, ಕೊನೆಗೆ ತಂದದ್ದು ಅಂಗಡಿಯವನು ಮೊದಲ ದಿನ ತೋರಿಸಿದ್ದನ್ನೇ.

ಎಲ್ಲ ಟೊರಾಂಟೊದ ಮುರಿಗೆಪ್ಪ ಅಣ್ಣನ ಕೃಪೆ, ಇವರ ದೊಡ್ಡಪ್ಪನ ಮಗ, ಅವನ ಮನೆಯಲ್ಲಿ ಏನಿದೆಯೋ ಅದು ನಮ್ಮಲ್ಲಿಯೂ ಆಗಬೇಕು, ಅಲ್ಲಿಯ ನೆಲಮಾಳಿಗೆಯಲ್ಲಿ ಫರ್ನೇಸ್ ಕೂತಿದೆಯಂತೆ, ಅಂಗಳದಲ್ಲಿ ಪಂಪು ತಿರುಗುತ್ತದಂತೆ, ಡ್ಯುಯಲ್ ಫ್ಯುಯಲ್ ಅಂತಾರ ಅದಕ್ಕ, ನಿನಗ ತಿಳಿಯಂಗಿಲ್ಲ ಸುವರ್ಣಾ. ನನಗೆ ತಿಳಿಯುವುದಿಲ್ಲ, ಸರಿ, ಇವರಿಗೆ ತಿಳಿಯಿತಲ್ಲ, ಗ್ಯಾಸ್ ಕಂಪನಿಯೊಂದಕ್ಕೆ ಫೋನ್ ಮಾಡಿ ನನಗೆ ಡ್ಯುಯಲ್ ಫ್ಯುಯಲ್ ಬೇಕು ಅಂದರು, ಆ ಕಡೆಯ ಹುಡುಗಿ ಲವ್ಲಿ ಸರ್ ಅಂದಳು, ಇವರು ಅಗ್ಗದ್ದು ಬೇಕು ಅಂದರು, ಅವಳು ಇನ್ನೂ ಲವ್ಲಿ ಅಂದಳು, ಹೆಸರು ವಿಳಾಸ ಎಲ್ಲ ಕೊಟ್ಟು ಮೀಸೆ ತಿರುವಿದ್ದೇ ತಿರುವಿದ್ದು, ಯಂತ್ರ ಬರುತ್ತದೆಂದು ನಾನು ಹಿತ್ತಲಲ್ಲಿ ಜಾಗ ಗುಡಿಸಿಟ್ಟೆ — ಬಂದದ್ದೇನು, ಇನ್ನು ಮುಂದೆ ನಿಮ್ಮ ಗ್ಯಾಸಿನ ಬಿಲ್ಲೂ ಕರೆಂಟಿನ ಬಿಲ್ಲೂ ನಮ್ಮಿಂದಲೇ ಬರುತ್ತದೆ, ಅಭಿನಂದನೆಗಳು ಎಂಬ ಫೋನು, ಈ ಊರಿನಲ್ಲಿ ಡ್ಯುಯಲ್ ಫ್ಯುಯಲ್ ಅಂದರೆ ಅಷ್ಟೇ ಅಂತೆ, ಎರಡು ಬಿಲ್ಲಿಗೆ ಒಂದು ಕಂಪನಿ. ನಕ್ಕೆನಾ? ನಗಲಿಲ್ಲ, ಹಲ್ಲು ಕಟಕಟ ಅನ್ನುವಾಗ ನಗುವುದು ಹೇಗೆ. ಸಂಕ್ರಾಂತಿಯ ಮರುದಿನ ಹಳೆಯ ಬಾಯ್ಲರ್ ಸತ್ತಿತು, ನೋಡಲು ಬಂದವನು ಮುಟ್ಟಬೇಡಿ, ವಿಷದ ಗಾಳಿ ಸೋರುತ್ತದೆ ಎಂದು ಅದರ ಗ್ಯಾಸ್ ಕಟ್ಟು ಮಾಡಿ ಹೋದ, ಅಂದಿನಿಂದ ಕಾವಿಗೆ ಎರಡು ಕೆಂಪು ಕಂಬಿಯ ಕರೆಂಟಿನ ಒಲೆಯೊಂದೇ ಗತಿ, ಅದನ್ನು ಅತ್ತೆಯ ಕೋಣೆಯಲ್ಲಿಟ್ಟಿದ್ದೇನೆ, ಅತ್ತೆ ಬಸಲಿಂಗವ್ವ, ವಿಜಾಪುರದ ಬಿಸಿಲಲ್ಲಿ ಬರಿಗಾಲಲ್ಲಿ ಓಡಾಡಿದವರು, ಎದೆ ಸೂಕ್ಷ್ಮವಾಗಿದೆ, ಬೆಚ್ಚಗಿಡಿ, ಈ ಚಳಿಗಾಲ ದಾಟಿಸಬೇಕು ಎಂದು ಜಿಪಿ ನನ್ನ ಮುಖ ನೋಡಿಯೇ ಹೇಳಿದ್ದಾರೆ, ಇವರ ಮುಖ ನೋಡಿ ಅಲ್ಲ, ಡಾಕ್ಟರಿಗೂ ಗೊತ್ತು ಯಾರಿಗೆ ಹೇಳಬೇಕೆಂದು.

ಆದರೆ ಅತ್ತೆ ಆ ಒಲೆಯನ್ನೂ ಬೇಡವೆನ್ನುತ್ತಿದ್ದಾರೆ, ಹೋದ ವಾರದ ಭಾನುವಾರದಿಂದ, ಆರಸವ್ವಾ ಅದನ್ನ, ಬೆಂಕಿ ನೋಡಾಕ ಆಗವಲ್ದು ನನಗ, ಎಂದು ಕಾಲಿನಿಂದ ದೂಡುತ್ತಾರೆ, ನಾನು ಹಚ್ಚುತ್ತೇನೆ ಅವರು ದೂಡುತ್ತಾರೆ, ರೊಟ್ಟಿ ಅರ್ಧಕ್ಕೆ ಬಿಡುತ್ತಾರೆ, ಮಗ ಎದುರಿಗೆ ಬಂದರೆ ಗೋಡೆಯ ಕಡೆ ಮುಖ, ನನ್ನ ವಿಜಾಪುರಕ್ಕ ಕಳಸ್ರಿ, ಈಗಿಂದೀಗ ಕಳಸ್ರಿ — ಈ ಹಿಮದಲ್ಲಿ ಯಾವ ವಿಮಾನ ಏಳುತ್ತದೆ, ಅಲ್ಲಿ ಹೋಗಿ ಯಾರ ಮನೆಯಲ್ಲಿ ಇರುತ್ತೀರಿ ಅತ್ತಿ ಅಂದರೆ ಚಾದರ ತಲೆಯ ತನಕ ಎಳೆದುಕೊಳ್ಳುತ್ತಾರೆ. ಹೊಟ್ಟೆ ಉರಿಯುತ್ತದೆ ನನಗೆ, ಉರಿದರೂ ಚಳಿ ಹೋಗುವುದಿಲ್ಲ, ಅದು ಬೇರೆ. ತಾಯಿಯ ಕೈ ಊಟ ಮರೆತೇಹೋಗಿದೆ ನನಗೆ, ಈ ಮನೆಯಲ್ಲಿ ನನ್ನ ಜೊತೆ ಸರಿಸಮ ನಿಂತು ಜಗಳವಾಡುವುದಕ್ಕೆ, ಪಲ್ಯಕ್ಕೆ ಉಪ್ಪು ಕಡಿಮೆ ಅನ್ನುವುದಕ್ಕೆ, ಜ್ವರ ಬಂದರೆ ಹಣೆ ಮುಟ್ಟುವುದಕ್ಕೆ ಇರುವುದು ಆ ಹೆಂಗಸು ಒಬ್ಬರೇ, ಅವರನ್ನು ಚಳಿ ತೆಗೆದುಕೊಂಡು ಹೋದರೆ ಅಥವಾ ಅವರೇ ಮುನಿಸಿಕೊಂಡು ಹೋದರೆ ನಾನು ಈ ಮನುಷ್ಯನನ್ನು ಈ ಜನ್ಮದಲ್ಲಿ ಕ್ಷಮಿಸುವುದಿಲ್ಲ, ಇವರು ಮುಂದಿನ ಕೋಣೆಯಲ್ಲಿ ಕೇಳುತ್ತಿದ್ದಾರೆ, ಈ ಪಂಪ್ ಸಪ್ಪಳ ಮಾಡತೈತೇನ್ರಿ, ಎಷ್ಟ ಸಪ್ಪಳ, ಫ್ರಿಜ್‌ದಷ್ಟೋ ಅದಕ್ಕಿಂತ ಹೆಚ್ಚೋ. ನಿಮ್ಮಷ್ಟು ಮಾಡುವುದಿಲ್ಲ ಎಂದು ಕೂಗಬೇಕು ಅನಿಸಿತು, ಕೂಗಲಿಲ್ಲ, ಮಾತಾಡಿದರೆ ಬಾಯೊಳಗೆ ಚಳಿ ಹೋಗುತ್ತದೆ.

ಚಹಾ ಹಿಡಿದು ಹಿಂದೆ ಅತ್ತೆಯ ಕೋಣೆಗೆ ಬಂದೆ, ಹಿತ್ತಲಿಗೆ ತೆರೆಯುವ ಗಾಜಿನ ಬಾಗಿಲ ಎದುರು ಜಮಖಾನೆಯ ಮೇಲೆ ಅತ್ತೆ ಕೂತಿದ್ದಾರೆ, ಮತ್ತೆ ಹಾಗೇ, ಚಕ್ಕಳಮಕ್ಕಳ ಹಾಕಿ, ಗೋಡೆಗೆ ಒರಗದೆ, ಬೆನ್ನು ನೆಟ್ಟಗೆ, ಕಣ್ಣು ಮುಚ್ಚಿ, ಎಡ ಅಂಗೈ ಮಡಿಲಲ್ಲಿ ತೆರೆದುಕೊಂಡು. ಬೆಳಿಗ್ಗೆ ಪೂಜೆಯ ಹೊತ್ತಿಗೆ ಆ ಅಂಗೈಯಲ್ಲಿ ಲಿಂಗವಿರುತ್ತದೆ, ಈಗ ಲಿಂಗ ಕೊರಳ ಕರಡಿಗೆಯೊಳಗಿದೆ, ಅಂಗೈ ಖಾಲಿ, ಭಾನುವಾರದಿಂದ ಹೊತ್ತಿಲ್ಲ ಗೊತ್ತಿಲ್ಲ ಹೀಗೇ ಕೂರುತ್ತಾರೆ, ಸೊಂಟ ನೋಯುತ್ತದೆಂದು ಕುರ್ಚಿ ಬಿಟ್ಟು ಇಳಿಯದಿದ್ದವರು. ಅತ್ತಿ, ಚಾ ತಗೋರಿ, ಆರತೈತಿ. ಅಲ್ಲಿಡು. ಶಾಲು ಹೊದಿಸಲಿ? ಬ್ಯಾಡ, ಸುಮ್ನಿರು. ಕಣ್ಣು ತೆಗೆಯಲಿಲ್ಲ. ಗಾಜಿನ ಆಚೆ ಗಂಡಸರಿಬ್ಬರೂ ಹಿತ್ತಲಿಗೆ ಇಳಿದಿದ್ದಾರೆ, ಇವರು ತಲೆಗೆ ಮಂಗನ ಟೋಪಿ ಹಾಕಿ ಕೊಡೆ ಹಿಡಿದಿದ್ದಾರೆ, ರಿಚರ್ಡ್ ಬೂಟಿನಿಂದ ಹಿಮ ಸರಿಸಿ ಟೇಪು ಎಳೆದು ನೆಲ ಅಳೆಯುತ್ತಿದ್ದಾನೆ, ಪಂಪ್ ಇಡಲೇಬೇಕು ಅಂದ್ರೆ ಇಲ್ಲಿ ಕಾಂಕ್ರೀಟ್ ಹಾಕ್ಬೇಕು ಸರ್, ಮತ್ತೆ ಕೌನ್ಸಿಲ್ ಪರ್ಮಿಷನ್ ಬೇಕು, ಅದು ಬರ್ವಾಗ ಮಾವಿನಹಣ್ಣಿನ ಸೀಸನ್ನೇ ಬರ್ತದೆ, ಅಲ್ಲಿವರೆಗೆ ಅಜ್ಜಿಯನ್ನು ಎಂತ ಮಾಡ್ತೀರಿ — ಒಳ್ಳೆಯ ಪ್ರಶ್ನೆ, ಯಾರೋ ಒಬ್ಬರು ಕೇಳಿದರಲ್ಲ. ಬಾಗಿಲು ಸರಿಸಿ ಇಬ್ಬರೂ ಒಳಗೆ ಬಂದರು, ಜೊತೆಗೆ ಚಳಿಯೂ ಬಂತು, ಬೂಟಿನ ಹಿಮ ನನ್ನ ಕಾರ್ಪೆಟ್ಟಿನ ಮೇಲೆ, ಬಿಡು, ಒಣಗುತ್ತದೆ.

ಆಗ ಅತ್ತೆ ಕಣ್ಣು ತೆಗೆದರು, ಮಗನನ್ನು ನೋಡಲಿಲ್ಲ, ನನ್ನನ್ನೂ ನೋಡಲಿಲ್ಲ, ರಿಚರ್ಡನನ್ನು ನೋಡಿದರು. ತಮ್ಮಾ, ನಿಮ್ಮ ಮಂದ್ಯಾಗ ಸತ್ತವರಿಗೆ ಮಣ್ಣ ಕೊಡತಾರೋ, ಬೆಂಕಿ ಕೊಡತಾರೋ? ಅವನು ತಬ್ಬಿಬ್ಬಾದ, ಮಣ್ಣೇ ಅಜ್ಜಿ, ನಮ್ಮಲ್ಲಿ ಮಣ್ಣೇ, ಅಪ್ಪನನ್ನು ಇಲ್ಲೇ ಗ್ರೀನ್‌ಫರ್ಡಲ್ಲಿ ಮಣ್ಣು ಮಾಡಿದ್ದು, ಯಾಕೆ ಕೇಳಿದ್ದು? ನಿಮ್ಮಪ್ಪ ಪುಣ್ಯವಂತ, ಅಂದರು ಅತ್ತೆ, ಮಗ ಮಣ್ಣ ಹುಡುಕಿದ, ನನ್ನ ಮಗ ನನ್ನ ಸಲುವಾಗಿ ಫರ್ನೇಸ್ ಹುಡುಕಾಕತ್ತಾನ, ಅದೂ ಅಗ್ಗದ್ದು. ಎಷ್ಟು ಸ್ಪಷ್ಟವಾಗಿ ಅಂದರು ಆ ಪದವನ್ನು, ಇಂಗ್ಲಿಷಿನಲ್ಲಿ ಥ್ಯಾಂಕ್ಯೂ ಬಿಟ್ಟು ಇನ್ನೊಂದು ಪದ ಬಾರದ ಹೆಂಗಸು — ಎಲ್ಲಿ ಕಲಿತರು, ಯಾರು ಕಲಿಸಿದರು — ಅಯ್ಯೋ, ನಾರಾಯಣಸ್ವಾಮಿ. ಪಕ್ಕದ ಬೀದಿಯ ನಾರಾಯಣಸ್ವಾಮಿಯವರು ಕ್ರಿಸ್‌ಮಸ್ಸಿಗೆ ಮುಂಚೆ ತೀರಿಕೊಂಡರು, ಬೆಂಗಳೂರಿನವರು, ಸುಟ್ಟರು, ಕ್ರಿಮೆಟೋರಿಯಮ್ಮಿಗೆ ನಾವೆಲ್ಲ ಹೋಗಿದ್ದೆವು, ಸಾಲು ಕುರ್ಚಿ, ಹೆಣದ ಪೆಟ್ಟಿಗೆ, ಪೆಟ್ಟಿಗೆಯ ಸುತ್ತ ತಾನಾಗಿ ಮುಚ್ಚಿಕೊಂಡ ಪರದೆ, ಆ ಪರದಿ ಹಿಂದ ಏನೈತಿ ಎಂದು ಅತ್ತೆ ಪಕ್ಕದಲ್ಲಿದ್ದ ಮೊಮ್ಮಗಳನ್ನು ಕೇಳಿದರು, ನನ್ನ ಮಗಳು ಸೌಜನ್ಯಾ, ಕನ್ನಡದ ಪದ ಸಿಗದೆ, ಫರ್ನೇಸ್, ಅಜ್ಜಿ, ದ ಫರ್ನೇಸ್, ಅಂದಳು, ಹಂಗಂದ್ರೇನ, ಎಂದರು ಅತ್ತೆ, ಬೆಂಕಿ, ಅಜ್ಜಿ, ಎಂದಳು. ನಾನೇ ಕೇಳಿಸಿಕೊಂಡಿದ್ದೆನಲ್ಲ. ಮತ್ತೆ ಆ ಭಾನುವಾರ, ಇದೇ ಕೋಣೆಯಲ್ಲಿ ನಿಂತು ಇವರು ಫೋನ್ ಹಿಡಿದು, ಟೊರಾಂಟೊಗೆ ಫೋನಿಲ್ಲದೆಯೇ ಕೇಳುವ ಹಾಗೆ ಕೂಗುತ್ತಿದ್ದರು, ಅವ್ವನ ಸಲುವಾಗಿ ಒಂದ್ ಫರ್ನೇಸ್ ನೋಡಾಕತ್ತೀನಿ ಅಣ್ಣಾ, ಅಗ್ಗದ್ದು, ಬ್ಯಾಸಗಿ ತನಕ ತಡಿಯಂಗಿಲ್ಲ, ಲಗೂನ ಆಗಬೇಕು. ಶಿವನೇ, ಶಿವನೇ, ಒಬ್ಬ ತಾಯಿ ಗೋಡೆಯ ಕಡೆ ತಿರುಗಿ ಮಲಗಿ ಇದನ್ನು ಕೇಳಿದ್ದಾರೆ, ಕೇಳಿ ರೊಟ್ಟಿ ಅರ್ಧಕ್ಕೆ ಬಿಟ್ಟಿದ್ದಾರೆ, ನಾನು ಅವರಿಗೆ ಆ ಕೆಂಪು ಕಂಬಿಯ ಒಲೆಯನ್ನು ಹತ್ತಿರ ಹತ್ತಿರ ಸರಿಸಿದ್ದೇನೆ.

ಅಯ್ಯೋ ಅತ್ತಿ, ಅಲ್ರಿ, ಫರ್ನೇಸ್ ಅಂದ್ರ ಮನಿ ಬೆಚ್ಚಗ ಮಾಡೂ ಮಷೀನು, ಸುಡೂದಲ್ಲ, ನಿಮಗ ಥಂಡಿ ಆಗಬಾರದಂತ, ಎಂದು ನಾನು ಮೊಣಕಾಲೂರಿ ಹೇಳುತ್ತಿದ್ದೇನೆ, ಇವರು ನಗುತ್ತಿದ್ದಾರೆ, ಟೋಪಿ ತೆಗೆದು ನಗುತ್ತಿದ್ದಾರೆ, ಅವ್ವಾ, ನಿನ್ನ ನಾ ಸುಡತೀನೇನ, ಹುಚ್ಚಿ, ನಗುವಿನ ಕೊನೆಗೆ ಕಣ್ಣು ಒರೆಸಿಕೊಂಡರು, ರಿಚರ್ಡನೂ ಬಾಯ್ಲರಿನ ಹಾಗೆ ಅಜ್ಜಿ, ಬಾಯ್ಲರಿನ ಹಾಗೆ, ಎಂದು ನಕ್ಕ, ಮುಗಿಯಿತು, ಅಬ್ಬಾ, ಇಷ್ಟೇನಾ ಅಂದುಕೊಂಡೆ, ಅತ್ತೆ ನಗಲಿಲ್ಲ. ಮಗನ ಕಡೆ ತಿರುಗಿದರು. ಹಂಗಾದ್ರ ನಾ ಹೋದ ಮ್ಯಾಲಿಂದು ಏನ್ ನೋಡೀರಿ? ಇವರ ನಗು ನಿಂತಿತು. ಈಗ್ಯಾಕ ಅವ್ವಾ ಆ ಮಾತು. ಮತ್ತ ಯಾವಾಗ? ಮನಿ ಬೆಚ್ಚಗ ಮಾಡೂದಕ್ಕ ಇಷ್ಟ ವಿಚಾರ ಮಾಡಾಕತ್ತೀ, ಅದನ್ನ ಯಾವತ್ತರ ಮಾಡೀಯೇನು? ಮಾಡಿಲ್ಲ, ನಾನೂ ಮಾಡಿಲ್ಲ, ನಮ್ಮಲ್ಲಿ ಸುಡುವುದಿಲ್ಲ, ಲಿಂಗಾಯತರು ನಾವು, ಕೂರಿಸಿ ಮಣ್ಣು ಕೊಡುತ್ತಾರೆ, ಮಾವನನ್ನು ಕೂರಿಸಿದ್ದು ನೋಡಿದ್ದೇನೆ, ವಿಭೂತಿ, ಎಡ ಅಂಗೈಯಲ್ಲಿ ಲಿಂಗ, ಅತ್ತೆ ಈಗ ಕೂತ ಹಾಗೆಯೇ, ಎಲ್ಲ ಗೊತ್ತು, ಗೊತ್ತಿದ್ದೂ ಈ ಊರಿನಲ್ಲಿ ಯಾರನ್ನೂ ಕೇಳಿಲ್ಲ, ಕೌನ್ಸಿಲ್ಲಿಗೆ ಪಾರ್ಕಿಂಗಿನ ಬಗ್ಗೆ ಕೇಳಿದ್ದೇವೆ, ಕಸದ ಡಬ್ಬಿಯ ಬಗ್ಗೆ ಕೇಳಿದ್ದೇವೆ. ತಮ್ಮಾ, ಇಲ್ಲಿ ಮಣ್ಣಾಗ ಕುಂಡ್ರಸತಾರೇನು? ರಿಚರ್ಡ್ ನೆಲ ನೋಡಿದ, ಇಲ್ಲ ಅಜ್ಜಿ, ಇಲ್ಲಿ ಎಲ್ಲ ಮಲಗಿಸುದು, ಪೆಟ್ಟಿಗೆಯಲ್ಲಿ, ಕೂರಿಸುದು ನಾನು ಕೇಳಿಲ್ಲ. ನಾ ಮಲಗಂಗಿಲ್ಲಪಾ, ಅಂದರು ಅತ್ತೆ, ದೊಡ್ಡದೇನೂ ಕೇಳದವರ ಹಾಗೆ, ನಿನ್ನ ಕೈಯಾಗ ಟೇಪ್ ಐತೆಲ್ಲ, ಕುಂತ ಮನಶಾಗ ಎಷ್ಟ ಜಾಗಾ ಬೇಕು ಅಳದ ಬಿಡು, ನಾಳೆ ಇವರಿಗೆ ತಿಳೀಲಿಲ್ಲಂದ್ರ ಕಷ್ಟ.

ಅವನು ಇವರನ್ನು ನೋಡಿದ, ಇವರು ಕಿಟಕಿ ನೋಡಿದರು, ನನ್ನನ್ನು ನೋಡಿದ — ಅಳೀರಿ ರಿಚರ್ಡ್, ಅಂದೆ, ನನ್ನ ದನಿಯೇ ಅದು, ಅಳೀರಿ, ಆಮ್ಯಾಲೆ ಆ ಬಾಯ್ಲರ್ ಹಾಕ್ರಿ, ಇವರನ್ನ ಕೇಳಬ್ಯಾಡ್ರಿ. ಇವರು ಏನಾದರೂ ಅನ್ನುತ್ತಾರೆಂದು ಕಾದೆ, ಸಪ್ಪಳ ಎಷ್ಟು, ಗ್ಯಾರಂಟಿ ಎಷ್ಟು, ಮುರಿಗೆಪ್ಪ ಅಣ್ಣನ ಊರಿನಲ್ಲಿ ಹೇಗೆ, ಏನೂ ಇಲ್ಲ, ಬಾಯಿ ತೆರೆದರು, ಬಿಳಿ ಉಸಿರು ಬಂತು, ಅಷ್ಟೇ. ರಿಚರ್ಡ್ ಬೂಟು ಕಳಚಿ ಮೊಣಕಾಲೂರಿದ್ದಾನೆ, ಅತ್ತೆಯ ಒಂದು ಮೊಣಕಾಲಿನಿಂದ ಇನ್ನೊಂದಕ್ಕೆ ಟೇಪು ಹಿಡಿದಿದ್ದಾನೆ, ಅಂಕಿಯನ್ನು ಪಂಪಿನ ಅಳತೆ ಬರೆದ ಚೀಟಿಯಲ್ಲೇ ಬರೆದುಕೊಳ್ಳುತ್ತಿದ್ದಾನೆ, ಅತ್ತೆ ಬೆನ್ನನ್ನು ಇನ್ನಷ್ಟು ನೆಟ್ಟಗೆ ಮಾಡಿದರು, ತಲೆಯವರೆಗೂ ಹಿಡಿಪಾ, ಅಂದರು, ನಾಳೆ ಸಂಜೆಗೆ ಮನೆ ಬೆಚ್ಚಗಾಗುತ್ತದೆ, ಆಗಲಿ, ರೇಡಿಯೇಟರ್ ಟಿಕ್‌ಟಿಕ್ ಅನ್ನುತ್ತದೆ, ಒಣಗಿದ ಬಟ್ಟೆ ಸಿಗುತ್ತದೆ, ಅತ್ತೆ ಪಲ್ಯಕ್ಕೆ ಉಪ್ಪಿಲ್ಲ ಅನ್ನುತ್ತಾರೆ, ಆಮೇಲೆ — ಮಣ್ಣು, ಯಾವ ಮಣ್ಣು, ಎಲ್ಲಿಯ ಮಣ್ಣು, ಯಾರನ್ನು ಕೇಳುವುದು — ಮಡಿಲಲ್ಲಿ ಆ ಎಡ ಅಂಗೈ, ಮೇಲ್ಮುಖ, ಖಾಲಿ, ತೆರೆದೇ ಇದೆ, ಆ ಅಂಗೈ,